ಪೈಲಟ್ ಕಾಕಾ

ವಿಶ್ರಾಮಬಾಗ ಬಡಾವಣೆಯಲ್ಲಿ ನಮ್ಮ ನೆರೆಮನೆಯ ಕಾಕಾ ಹಿಂದೆ ವಿಮಾನದ ಪೈಲಟ್ ಆಗಿದ್ದರು. ಯಾರ ಕಾರಿನಲ್ಲಿ ಕುಳಿತರೂ ಸ್ಪೀಡ್ ಮೀಟರಿನಿಂದ ಕಣ್ಣು ಕೀಳುತ್ತಿರಲಿಲ್ಲ. "ಲಕ್ಷ್ಯ ಇರ್ಲಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಒಮ್ಮೆ ನನ್ನ ಕಾರಿನಲ್ಲಿ ಮಿರಜಿಗೆ ಹೋಗುವಾಗ, "ಯಾಕ್ರಿ ಕಾಕಾ, ಇಷ್ಟ್ಯಾಕ ಅಂಜ್ತೀರಿ?" ಎಂದೆ.

"ವಿಮಾನ ಇಳಸೂ ಮುಂದ ಆಟೋಪೈಲಟ್ ಸ್ಪೀಡ್ ಕಾಯಾಕತ್ತೈತಿ ಅಂತ ತಿಳಿದಿದ್ನಿ. ಅದು ಬ್ಯಾರೆ ಮೋಡ್‌ಗೆ ಹೋಗಿ, ಸ್ಪೀಡ್ ಕಾಯೂದು ಬಿಟ್ಟಿತ್ತು. ಸ್ಪೀಡ್ ಇಳದದ್ದು ನನಗ ಗೊತ್ತಾಗಲಿಲ್ಲ. ರನ್‌ವೇ ಮುಟ್ಟೂದ್ರಾಗ ವಿಮಾನ ನೆಲಕ್ಕ ಬಿತ್ತು. ಬಾಜೂ ಕುಂತಿದ್ದ ಕೋ-ಪೈಲಟ್ ಉಳೀಲಿಲ್ಲ."

ಕಾಕಾ ಮತ್ತೆ ಮೀಟರ್ ನೋಡಿದರು. "ಮಗ ಕಡೀಗೆ ಏನಂದ ಅಂತ ಅವನ ತಾಯಿ ಕೇಳಿದ್ರು. 'ಅವ್ವಾ' ಅಂದ ಅಂತ ಹೇಳಿದ್ನಿ."

"ಖರೇನ ಹಂಗ ಅಂದಿದ್ರೇನ್ರಿ?"

"ಇಲ್ಲ. 'ಸರ್, ಸ್ಪೀಡ್' ಅಂದಿದ್ದ. ಆ ತಾಯಿ ಇವತ್ತಿಗೂ ಹಬ್ಬಕ್ಕ ಫೋನ್ ಮಾಡ್ತಾರ. ಅವ ಹೆಂಗ ಕರದಾ, ಇನ್ನೊಮ್ಮೆ ಹೇಳ್ರಿ ಅಂತಾರ."