ಮೌಶಿ ಮತ್ತು ಕರಿಗುಡ್ಡದ ತೋಳ

ಬಿಸಿಲಿರಲಿ, ಮಳೆಯಿರಲಿ, ಮೌಶಿಯ ತಲೆಯ ಮೇಲೆ ಕಂಬಳಿಯ ಕೊಪ್ಪೆ ಇದ್ದೇ ಇರುತ್ತಿತ್ತು. ಕುರಿ ಈದ ದಿನ ಮಾತ್ರ ಅದು ಮಡಿಲಿಗೆ ಇಳಿಯುತ್ತಿತ್ತು. ಒಳಗಿಂದ ಒಂದು ಒದ್ದೆ ಮೂತಿ ಇಣುಕುತ್ತಿತ್ತು.

ಅವಳು ನಮ್ಮ ಬಾಜೂ ಮನೆಯವಳು; ಚಿಕ್ಕವ್ವನಂತಿದ್ದ ಅವಳನ್ನು ನಾನು ಮೌಶಿ ಎಂದೇ ಕರೆಯುತ್ತಿದ್ದೆ. ಹುಕ್ಕೇರಿ ಕಡೆಯ ನಮ್ಮ ಕರಿಗುಡ್ಡವನ್ನು ಅರಣ್ಯ ಇಲಾಖೆಯವರು ಕಾಯ್ದಿಟ್ಟ ಮೇಲೆ ಅವಳು ಗುಡ್ಡದ ಅಂಚಿನಲ್ಲೇ ಕುರಿ ಮೇಯಿಸುತ್ತಿದ್ದಳು. ನನಗೋ ಆ ಗುಡ್ಡದ ಹುಚ್ಚು. ಮೊಬೈಲಿನಲ್ಲಿ ಓದಿದ್ದನ್ನೆಲ್ಲ ಅವಳ ಮುಂದೆ ಒದರುತ್ತಿದ್ದೆ.

"ಮೌಶಿ, ಈ ಕಲ್ಲು ಒಂದ ಕಾಲಕ್ಕ ಕೆಂಡದಂಗ ಹರೀತಿತ್ತು. ಆರಿದ ಮ್ಯಾಲೆ ಮತ್ತ ಅದರ ಮ್ಯಾಲೆ ಹರೀತು. ಅದಕ್ಕ ಗುಡ್ಡ ಪದರ ಪದರ ಐತಿ."

"ಅಂದ್ರ ಸಗಣಿ ಸಾರಿಸಿದಂಗ ಆತಲ್ಲೋ. ಇಷ್ಟೆಲ್ಲಾ ಸಾರಿಸಿದಾಕಿ ಸೊಂಟ ಏನಾಗಿರಬೇಕಪಾ!"

ಎರಡು ಕರಿ ಪದರಗಳ ನಡುವೆ ಸುಟ್ಟ ಕೆಂಪು ಮಣ್ಣಿನ ಪಟ್ಟಿ ಇರುತ್ತದಂತೆ, ನೋಡಬೇಕು ಎಂದೆ. ಒಂದು ಮುಂಜಾನೆ ಕರೆದೊಯ್ದು ದೂರದಿಂದಲೇ ಬೆರಳು ಮಾಡಿದಳು. ಕೆಂಪು ಮಣ್ಣು ಉದುರಿ ಅಲ್ಲೊಂದು ಗವಿಯಾಗಿತ್ತು. ಅದರ ಬಾಯಲ್ಲಿ ತೋಳದ ಮರಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿದ್ದವು.

"ಫೋಟೋ ಬ್ಯಾಡ. ಯಾರ ಮುಂದನೂ ಹೇಳಬ್ಯಾಡ," ಎಂದಳು.

ಮುಂದಿನ ವಾರ ತೋಳ ಮೌಶಿಯ ಕುರಿಮರಿಯನ್ನೇ ಒಯ್ದಿತು. ಸುದ್ದಿ ಕೇಳಿ ಅವಳ ಮೈದುನನ ಮಗ ಗೆಳೆಯರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಒಣಮೆಣಸಿನಕಾಯಿಯ ಚೀಲ.

"ದೊಡ್ಡವ್ವಾ, ಗವಿ ಎಲ್ಲೈತಿ ಹೇಳ. ಖಾರದ ಹೊಗಿ ಹಾಕಿ ಮರಿ ಸಮೇತ ಮುಗಿಸಿ ಬರತೇವಿ."

"ನನಗೇನ ಗೊತ್ತೋ? ತ್ವಾಳ ನನಗ ಪತ್ತೆ ಕೊಟ್ಟು ಹೋಗೇತೇನು?"

ಅವನು ನನ್ನ ಕಡೆ ತಿರುಗಿದ. "ನೀ ದಿನಾ ಗುಡ್ಡ ತಿರಗಾಂವ. ನೀನರ ಹೇಳು."

ನಾನು ಮೌಶಿಯ ಕಡೆ ನೋಡಿದೆ. ಮೌಶಿಯೇ ನಕ್ಕಳು. "ಇಂವಗ ಕಲ್ಲ ಬಿಟ್ರ ಏನ ಕಾಣತೈತಿ? ಎದರಿಗೆ ಆನಿ ನಿಂತರೂ ಅದು ಯಾವ ಕಲ್ಲು ಅಂತ ಕೇಳತಾನ."

ಎಲ್ಲರೂ ನಕ್ಕರು. ಚೀಲ ಹೊತ್ತುಕೊಂಡು ಬಂದ ದಾರಿಯಲ್ಲೇ ಹೋದರು.

ಮರಿ ಕಳೆದುಕೊಂಡ ಕುರಿ ಒಂದೇ ಸಮನೆ ಒದರುತ್ತಿತ್ತು. ಅದರ ಕೆಚ್ಚಲ ಹಾಲು ಹಿಂಡುತ್ತಾ ಮೌಶಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೇಳಬೇಕಿತ್ತಲ್ಲ ಮೌಶಿ?"

"ಅದು ನನ್ನ ಹಟ್ಟಿಗೆ ಬಂದಿತ್ತೇನು? ನಾನ ಅದರ ಬಾಗಲಕ್ಕ ಮರಿ ಮೇಯಾಕ ಬಿಟ್ಟಿದ್ದೆ."

ಹೋದ ವರ್ಷ ಮೌಶಿ ತೀರಿಕೊಂಡಳು. ಈಗ ಗುಡ್ಡ ನೋಡಲು ಬರುವವರಿಗೆ ಲಾವಾ ಹರಿದ ಗುರುತು, ಕಲ್ಲೊಳಗಿನ ಬಿಳಿ ಹರಳು, ಕೆಂಪು ಪಟ್ಟಿ ಎಲ್ಲವನ್ನೂ ತೋರಿಸುತ್ತೇನೆ. ಆ ಗವಿ ಯಾವ ಮಗ್ಗುಲಿಗಿದೆ ಎಂದು ಮಾತ್ರ ಹೇಳುವುದಿಲ್ಲ. ಇಲ್ಲಿಯೂ ಬರೆದಿಲ್ಲ.