ಅಡ್ವೊಕೇಟರ ಬಿಂಕ, ಕೊಳಾಲದ ಬಾವಿ

ಮಧುಗಿರಿಯ ಮುನ್ಸೀಫ್ ಕೋರ್ಟಿನಲ್ಲಿ ನಾನು ಹೊಸದಾಗಿ ಕರಿ ಕೋಟು ತೊಟ್ಟಾಗ, ಜನ ನನ್ನನ್ನು ಸೀಮೆಗೊಂದು ಹೆಸರಿನಿಂದ ಕರೆಯುತ್ತಿದ್ದರು. ಸಿರಾದವರಿಗೆ ವಕೀಲ್ ಸಾಬ್, ಪಾವಗಡದವರಿಗೆ ಪ್ಲೀಡರುಗಾರು, ಹೊಳವನಹಳ್ಳಿ ಕಡೆಯವರಿಗೆ ಲಾಯ್ರಪ್ಪ. ಕೇಸು ತಂದರೆ ಸಾಕೆಂದು ಎಲ್ಲದಕ್ಕೂ ಓಗೊಡುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಯಾಕೆ?

ನಮ್ಮ ಕೋರ್ಟಿನ ಹಿರಿಯರೊಬ್ಬರು ಹಾಗಲ್ಲ. ಬೆಂಗಳೂರಿನ ದೊಡ್ಡ ಕೋರ್ಟಿನಲ್ಲಿ ಹೆಸರು ದಾಖಲಿಸಿ ಬಂದಂದಿನಿಂದ ಅವರು ಅಡ್ವೊಕೇಟು. ಕಕ್ಷಿಗಾರ ಬಾಯಿತಪ್ಪಿ 'ವಕೀಲಪ್ಪ' ಅಂದರೆ ಕೇಸು ಬದಿಗಿಟ್ಟು ಅವನಿಗೆ ಪಾಠ ಶುರುಮಾಡುತ್ತಿದ್ದರು. ಕೆಳಗಿನ ಕೋರ್ಟುಗಳಲ್ಲಷ್ಟೇ ವಾದಿಸಬಹುದಾದ ನನ್ನನ್ನಂತೂ 'ಏನಯ್ಯಾ ಪ್ಲೀಡರ್' ಎಂದು ಅಡಿಗೆಯವನನ್ನು ಕೂಗಿದ ಹಾಗೆ ಕೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಕೊಳಾಲದ ಒಬ್ಬ ವಿಧವೆ ನನ್ನ ಬಳಿ ಬಂದಳು. ಗಂಡ ತೀರಿಕೊಂಡ ಮೇಲೆ ಅವನ ಅಣ್ಣ ಅವಳನ್ನು ತೋಟದ ಬಾವಿಯ ಹತ್ತಿರ ಸೇರಿಸುತ್ತಿರಲಿಲ್ಲ. ಬಾವಿ ತನ್ನೊಬ್ಬನದು, ತಮ್ಮನಿಗೆ ಅದರಲ್ಲಿ ಪಾಲೇ ಇರಲಿಲ್ಲ ಎನ್ನುತ್ತಿದ್ದ. ಆ ನೀರು ತಪ್ಪಿದರೆ ಅವಳು ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕಿತ್ತು.

"ತವರಲ್ಲೂ ಯಾರಿಲ್ಲ ಸ್ವಾಮಿ. ಎಂಗಾರ ಮಾಡಿ ಬಾವಿ ಬುಡಿಸ್ಕೊಡಿ" ಎಂದಳು.

ಕಾಗದಪತ್ರ ಒಂದೂ ಇರಲಿಲ್ಲ. ಭಾವನ ಕಡೆ ನಿಂತವರು ಅದೇ ಅಡ್ವೊಕೇಟರು. ಭಾವ ಕಟಕಟೆ ಹತ್ತಿದಾಗ ಕೇಳಿದೆ: "ನಿನ್ನ ತಮ್ಮನ ಹೆಂಡತಿ ಬಾಣಂತನ ಮುಗಿಸಿ ಗಂಗೆಪೂಜೆ ಮಾಡಿದ್ದು ಯಾವ ಬಾವಿಗೆ?"

ನಮ್ಮ ಕಡೆ ಬಾಣಂತಿ ಪೂಜೆ ಮಾಡುವುದು ಗಂಡನಿಗೆ ಪಾಲಿರುವ ಬಾವಿಗೆ ಮಾತ್ರ. ಬೇರೆಯವರ ಬಾವಿಗೆ ಹೋದರೆ ಮನೆತನಕ್ಕೇ ಅವಮಾನ.

ಪ್ರಶ್ನೆಯಲ್ಲಿ ಏನೋ ಕೊಕ್ಕೆಯಿದೆ ಎಂದು ಅವನಿಗೆ ಅನುಮಾನ ಬಂತು. ತನ್ನ ಅಡ್ವೊಕೇಟರ ಕಡೆ ತಿರುಗಿ, "ಯೇಳ್ಬೌದಾ ವಕೀಲಪ್ಪ?" ಎಂದ.

ತಕರಾರು ಎತ್ತಬೇಕಿದ್ದವರು ಎದ್ದರು, ನಿಜ. ಎದ್ದು, "ಎಷ್ಟು ಸಲ ಹೇಳಬೇಕಯ್ಯಾ ನಿನಗೆ? ಅಡ್ವೊಕೇಟ್ ಅನ್ನು" ಎಂದು ಗದರಿದರು.

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಅಷ್ಟು ಜನರೆದುರು ಮುಖಭಂಗವಾದವನು ಅವರಿಗೆ ಬೆನ್ನು ಹಾಕಿ, ಮಾನ ಉಳಿಸಿಕೊಳ್ಳಲು ಎದೆಯುಬ್ಬಿಸಿ ನನಗೆ ಉತ್ತರ ಕೊಟ್ಟ.

"ನಮ್ ತೋಟದ ಬಾವೀಗೇ ಕಣ್ ಸ್ವಾಮಿ, ಇನ್ಯಾವುದ್ಕೆ? ನಮ್ಮನೆ ಸೊಸೇನ ಪಾಲಿಲ್ದಿರೋ ಬಾವೀಗೆ ಕಳಿಸೋಕೆ ನಾವೇನ್ ಮಾನಗೆಟ್ಟೋರಾ?"

ಮುನ್ಸೀಫರು ತಲೆಯೆತ್ತಿ, ಅದೇ ಮಾತನ್ನು ಅವನಿಂದ ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ಅಡ್ವೊಕೇಟರು ಮೆಲ್ಲಗೆ ಕೂತರು. ಅವರ ಮುಖ ನೋಡಿ ನನಗಾದ ಆನಂದವನ್ನು ಯಾಕೆ ಮುಚ್ಚಿಡಲಿ? ಹೋಳಿಗೆ ಊಟ ಉಂಡಷ್ಟು ತೃಪ್ತಿಯಾಯಿತು.

ತೀರ್ಪು ನಮ್ಮ ಕಡೆ ಆಯಿತು. ನಾಲ್ಕು ಒಳ್ಳೆಯ ಮಾತು ಆಡುತ್ತಾಳೆಂದು ನಾನು ಮೆಟ್ಟಿಲ ಮೇಲೆ ಕೋಟು ಸರಿಮಾಡಿಕೊಂಡು ನಿಂತೆ. ಅವಳಿಗೆ ಅದಕ್ಕೆಲ್ಲ ಪುರಸೊತ್ತಿರಲಿಲ್ಲ.

"ಬತ್ತೀನಿ ಸ್ವಾಮಿ. ಒತ್ತು ಮುಳುಗೋದ್ರೊಳಗೆ ಊರು ಸೇರಿದ್ರೆ ಎಲ್ಡು ಪಾತಿಗಾದ್ರೂ ನೀರು ಕಟ್ಬೌದು" ಎಂದವಳೇ, ಸೆರಗು ಬಿಗಿದು ಗಾಡಿಯ ಕಡೆ ಓಡಿದಳು.