ತಾವರೆಗೆ ನಲ್ಲಿ ನೀರು

ಜಯಂತಿಯಕ್ಕ, ನಿಮ್ಮ ತಾವರೆಯನ್ನು ಕೊಂದದ್ದು ಸುಮತಿಯಲ್ಲ, ನಾನು.

ಮೂರು ವರ್ಷವಾಯಿತು. ಮಗಳ ಬಾಣಂತನಕ್ಕೆಂದು ಮಣಿಪಾಲದ ಈ ಮನೆಯಿಂದ ಕಾರ್ಕಳಕ್ಕೆ ಹೊರಟ ದಿನ, ಮಾಳಿಗೆಯ ಬಾಡಿಗೆದಾರನಾದ ನನ್ನನ್ನು ಅಂಗಳದಲ್ಲಿ ತಾವರೆ ಬೆಳೆಸಿದ್ದ ನೀಲಿ ಡ್ರಮ್ಮಿನ ಹತ್ತಿರ ಕರೆದಿದ್ದಿರಿ. “ಬಾವಿ ನೀರೇ ಹಾಕಿ ಆಯ್ತಾ. ನಲ್ಲಿ ನೀರು ಹಾಕಿದ್ರೆ ಮೀನು ಸಾಯ್ತದೆ. ಮೀನು ಇಲ್ದಿದ್ರೆ ಸೊಳ್ಳೆಮರಿ ಆಗ್ತದೆ.” ಆಮೇಲೆ ನಗುತ್ತಾ, “ಹೂವಿಗೆ ಬೆಳೆಸಿದ್ದಲ್ಲ ಮಾರಾಯ್ರೆ. ಈ ಸಲ ಗಡ್ಡೆ ಕೀಳುವ. ಪಲ್ಯದಲ್ಲಿ ನಿಮಗೂ ಪಾಲು ಉಂಟು.” ಅಜೆಕಾರಿನ ನಿಮ್ಮ ತವರಿನ ಕೆರೆಯಿಂದ ತಂದ ಗಡ್ಡೆ. ಆ ಕೆರೆಯನ್ನು ಮುಚ್ಚಿಯಾಗಿತ್ತು.

ಒಂದು ವಾರ ಬಾವಿಯಿಂದ ಸೇದಿದೆ — ವಾರವೋ, ನಾಲ್ಕೇ ದಿನವೋ. ಆಮೇಲೆ ನಲ್ಲಿಗೆ ಪೈಪು ಸಿಕ್ಕಿಸಿಬಿಟ್ಟೆ. ಮರುದಿನ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಷ್ಟು? ಒಮ್ಮೆ ಆರೆಂದು ನೆನಪು, ಒಮ್ಮೆ ಹತ್ತೆಂದು. ಆ ದಿನದ ಡೈರಿ ತೆರೆದು ನೋಡಿದೆ: “ವಿಪರೀತ ಸೆಕೆ.” ಅಷ್ಟೇ.

ಕೆಲವು ದಿನ ಕಳೆದು ಆಶಾ ಕಾರ್ಯಕರ್ತೆ ಸುಮತಿ ಡೆಂಗಿ ತಪಾಸಣೆಗೆ ಬಂದರು. ನೀರಿನ ತುಂಬ ಸೊಳ್ಳೆಮರಿ. “ಇದರಲ್ಲಿ ಮೀನು ಇತ್ತಲ್ಲ ಸರ್, ಎಂತ ಆಯ್ತು?” ಗೊತ್ತಿಲ್ಲ ಎಂದೆ. ಇಬ್ಬರೂ ಸೇರಿ ಡ್ರಮ್ಮು ಕವುಚಿದೆವು. “ಗಡ್ಡೆ ಒದ್ದೆ ಗೋಣಿಯಲ್ಲಿ ಸುತ್ತಿಡಿ, ಬೇರೆ ನೀರಿಗೆ ಹಾಕಿದ್ರೆ ಬದುಕ್ತದೆ” ಎಂದು ಹೇಳಿ ಹೋದರು.

ಸುತ್ತಲಿಲ್ಲ. ಮರೆತೆ ಎಂದು ಬರೆಯಹೊರಟಿದ್ದೆ — ಇಲ್ಲ, ಮರೆತಿರಲಿಲ್ಲ. ಗಡ್ಡೆ ಉಳಿದರೆ ಮತ್ತೆ ಡ್ರಮ್ಮು, ಮತ್ತೆ ನೀರು, ಮೀನೆಲ್ಲಿ ಎಂಬ ನಿಮ್ಮ ಪ್ರಶ್ನೆ... ಗಡ್ಡೆ ಒಣಗಲು ಎರಡು ದಿನದ ಬಿಸಿಲು ಸಾಕಾಯಿತು.

ನೀವು ಬಂದಾಗ ಹೇಳಿದೆ: “ಸುಮತಿ ಬಂದು ಕವುಚಿ ಹೋದ್ರು. ನಾನು ಮನೆಯಲ್ಲಿರಲಿಲ್ಲ.”

ಅಂದಿನಿಂದ ನೀವು ಅವರಿಗೆ ಗೇಟು ತೆಗೆದಿಲ್ಲ. ನಾನು ಮೇಲಿನಿಂದ ನೋಡುತ್ತಲೇ ಇದ್ದೆ.

ಈಗ ನಿಮಗೆ ಮೂರು ದಿನದಿಂದ ಜ್ವರ. ಬೆಳಿಗ್ಗೆ ರಕ್ತಪರೀಕ್ಷೆಗೆಂದು ಸುಮತಿ ಬಂದರೆ ಒಳಗಿನಿಂದ ನಿಮ್ಮ ದನಿ: “ನನ್ನ ತಾವರೆ ಕೊಂದವರು ನನ್ನ ಕೈ ಮುಟ್ಟುದು ಬೇಡ!” ಅವರು ತಲೆಯೆತ್ತಿ ನನ್ನ ಕಿಟಕಿಯತ್ತ ನೋಡಿದರು. “ಸಂಜೆ ಪುನಃ ಬರ್ತೇನೆ ಅಕ್ಕ” ಎಂದು ಹೋದರು.

ಸಂಜೆಯಾಗಿದೆ. ಗೇಟಿನ ಹೊರಗೆ ಅವರ ಸ್ಕೂಟರ್ ನಿಂತ ಸದ್ದು. ನನ್ನ ಬಾಯಿ ಮತ್ತೆ ‘ಗೊತ್ತಿಲ್ಲ’ ಎಂದುಬಿಟ್ಟೀತು — ಆದ್ದರಿಂದ ಡೈರಿಯಿಂದ ಈ ಪುಟ ಹರಿದು ಹಿಡಿದುಕೊಂಡು ಇಳಿಯುತ್ತಿದ್ದೇನೆ. ನಿಮ್ಮಿಬ್ಬರ ಎದುರು ನಿಂತು ಓದುತ್ತೇನೆ.